ಗುಣುಗುಟ್ಟುವ ನಾಲಿಗೆ

ಓದತಕ್ಕ ಭಾಗಗಳು: ಅರಣ್ಯಕಾಂಡ 11:1–6, ಅಪೊಸ್ತಲರ ಕೃತ್ಯಗಳು 6:1–7.

ಶಿವಮೊಗ್ಗೆಯ ಪೇಟೆಯಲ್ಲಿಯೂ ಭದ್ರಾವತಿಯ ಸಂತೆಯಲ್ಲಿಯೂ ಸದಾ ದೂರುವವನಿಗೆ ಜನರು ಹೆಸರಿಡುವದುಂಟು. ಎಷ್ಟು ಕೊಟ್ಟರೂ ಅಳುವವನು ಅಳುಮುಂಜಿ. ಮಾತಿಗೆ ಮುಂಚೆ ಮುಖ ಗಂಟಿಕ್ಕುವವನು ಸಿಡುಕುಮೋರೆ. ಸತ್ಯವೇದದಲ್ಲಿ ಈ ದುರ್ಗುಣಕ್ಕೆ ಗುಣುಗುಟ್ಟುವದೆಂದು ಹೆಸರು.

ಇಸ್ರಾಯೇಲ್ಯರು ಅರಣ್ಯದಲ್ಲಿ ಮನ್ನವನ್ನು ಹೀನೈಸಿ, ಐಗುಪ್ತದ ಮೀನು, ಸೌತೇಕಾಯಿ, ಉಳ್ಳಿಗಳನ್ನು ನೆನಸಿ ಅತ್ತರು. ಅಲ್ಲಿ ಇಟ್ಟಿಗೆ ಮಾಡಿದ ಬಿಟ್ಟಿಕೆಲಸವನ್ನೂ ತಿಂದ ಪೆಟ್ಟುಗಳನ್ನೂ ಮರೆತರು. ಗುಣುಗುಟ್ಟುವವನ ಗುರುತು ಇದೇ: ಇಲ್ಲದ್ದನ್ನು ಎಣಿಸುವನು, ಇದ್ದದ್ದನ್ನು ಮರೆಯುವನು.

ಆದರೆ ದೂರಿಗೆ ನಿಜವಾದ ಕಾರಣವಿರುವದೂ ಉಂಟು. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದಿನದ ಆಹಾರ ತಪ್ಪಿದ್ದರಿಂದ ಗುಣುಗುಟ್ಟುವಿಕೆ ಎದ್ದಿತು. ಅಪೊಸ್ತಲರು ದೂರಿದವರನ್ನು ಗದರಿಸಲಿಲ್ಲ. ಏಳು ಮಂದಿಯನ್ನು ನೇಮಿಸಿ ಕೊರತೆಯನ್ನು ತೀರಿಸಿದರು. 2023ರ ಜನವರಿಯಲ್ಲಿ ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ತಿಳಿದುಬಂದಾಗ, ಕೂಲಿಯನ್ನು ಕಳಕೊಳ್ಳಲಿದ್ದ ಕೆಲಸಗಾರರು ಒಟ್ಟಾಗಿ ನಿಂತು ಬಹಿರಂಗವಾಗಿ ಮೊರೆಯಿಟ್ಟರು. ಅಂಥವರನ್ನು ಅಳುಮುಂಜಿಗಳೆಂದು ಕರೆಯುವದು ಅನ್ಯಾಯ.

ಆದದರಿಂದ ಪ್ರಿಯರೇ, ಸಭೆಯಲ್ಲಿ ಕೊರತೆ ಕಂಡರೆ ಜಗಲಿಯಲ್ಲಿ ಕೂತು ಗೊಣಗದೆ, ಹಿರಿಯರ ಮುಂದೆ ಸ್ಪಷ್ಟವಾಗಿ ಹೇಳಿರಿ. ಹಿರಿಯರೇ, ಬಡವಿಧವೆಯ ದೂರನ್ನು ಗೊಣಗಾಟವೆಂದು ತಳ್ಳಿಬಿಡಬೇಡಿರಿ. ಮೊದಲು ಆಕೆಯ ಮಡಕೆಯಲ್ಲಿ ಅಕ್ಕಿಯುಂಟೋ ನೋಡಿರಿ. ಹೇಳತಕ್ಕದ್ದನ್ನು ಹೇಳಿದ ಮೇಲೆ ಎಲ್ಲರೂ ಮನೆಯಲ್ಲಿ ಮೊಣಕಾಲೂರಿ, ದೊರೆತದ್ದಕ್ಕಾಗಿ ಕರ್ತನನ್ನು ಸ್ತುತಿಸೋಣ.

ಪ್ರಶ್ನೆಗಳು
1. ಇಸ್ರಾಯೇಲ್ಯರು ಏನನ್ನು ನೆನಸಿದರು? ಏನನ್ನು ಮರೆತರು?
2. ವಿಧವೆಯರ ದೂರಿಗೆ ಅಪೊಸ್ತಲರು ಏನು ಮಾಡಿದರು?
3. ಕಳೆದ ವಾರದ ನಿಮ್ಮ ದೂರನ್ನು ಯಾರ ಮುಂದೆ ಹೇಳಿದಿರಿ?