ಎಂಜಿನ್ ಸದ್ದು, ಆಯಿಲ್ ಮತ್ತು ನಿಮ್ಮ ಉಸಿರು

ಪ್ರಶ್ನೆ: ಡಾಕ್ಟರೇ, ನನಗೆ 52 ವರ್ಷ. ಮನೆಯ ಕೆಳಗಿನ ಶಟರ್ ಇರುವ ಶೆಡ್ಡಿನಲ್ಲಿ ಪೆಟ್ರೋಲ್ ಕಾರು ನಿಲ್ಲಿಸುತ್ತೇನೆ. ಬೇಸಿಗೆ ಶುರುವಾದಾಗಿನಿಂದ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಕಟಕಟ ಎನ್ನುತ್ತದೆ. ಬಿಸಿಲಿಗೆ ಆಯಿಲ್ ತೆಳ್ಳಗಾಗಿದೆ, ಮೇಲಕ್ಕೇರಲು ಹೊತ್ತು ಬೇಕು ಎಂದು ಗೆಳೆಯರು ಹೇಳಿದ್ದರಿಂದ ಹತ್ತು ನಿಮಿಷ ಎಂಜಿನ್ ಓಡಲು ಬಿಟ್ಟು, ಅಷ್ಟರಲ್ಲಿ ಕಾರು ಒರೆಸುತ್ತೇನೆ. ಆಫೀಸು ಮುಟ್ಟುವ ಹೊತ್ತಿಗೆ ತಲೆ ಸಿಡಿಯುತ್ತಿರುತ್ತದೆ. ಬಿಪಿ ನಾರ್ಮಲ್ ಇದೆ. ಭಾನುವಾರ ತಲೆನೋವು ಬರುವುದಿಲ್ಲ. ಆಫೀಸಿನ ಒತ್ತಡವೇ ಕಾರಣವಿರಬಹುದೇ?
— ಓದುಗರು, ಕಲಬುರಗಿ

ಉತ್ತರ: ಒತ್ತಡ ಎನ್ನುವ ಮೊದಲು ಆ ಶೆಡ್ಡಿನ ಗಾಳಿಯನ್ನು ಅನುಮಾನಿಸೋಣ. ಕಾರು ಹೊರಡದ ದಿನ ತಲೆನೋವೂ ಇಲ್ಲ ಎಂದರೆ ಕಾರ್ಬನ್ ಮಾನಾಕ್ಸೈಡ್ ನಿಮ್ಮ ರಕ್ತ ಸೇರುತ್ತಿರುವ ಸಾಧ್ಯತೆ ಇದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಆಗ ಮಿದುಳಿಗೂ ಹೃದಯಕ್ಕೂ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ. ಮೊದಲು ತಲೆನೋವು, ನಂತರ ವಾಕರಿಕೆ, ತಲೆಸುತ್ತು, ಮಂಪರು. ಪ್ರಮಾಣ ಹೆಚ್ಚಾದರೆ ಎಚ್ಚರ ತಪ್ಪುತ್ತದೆ, ಪ್ರಾಣವೂ ಹೋಗಬಹುದು.

ನೀವು ಕಾರಿನ ಪಕ್ಕ ನಿಲ್ಲುವ ಹೊತ್ತೇ ಹೆಚ್ಚು ಅಪಾಯದ್ದು. ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ಕಾದ ಮೇಲಷ್ಟೇ ಸರಿಯಾಗಿ ಕೆಲಸ ಮಾಡುತ್ತದೆ. ರಾತ್ರಿಯಿಡೀ ನಿಂತಿದ್ದ ಕಾರು ಸ್ಟಾರ್ಟ್ ಆದ ಮೊದಲ ನಿಮಿಷಗಳಲ್ಲಿ ಈ ಅನಿಲವನ್ನು ಅತಿ ಹೆಚ್ಚು ಉಗುಳುತ್ತದೆ. ಶಟರ್ ಅರ್ಧ ಎತ್ತಿದರೆ ಸಾಲದು, ಪೂರ್ತಿ ಎತ್ತಿದರೂ ನಂಬುವಂತಿಲ್ಲ. ಶೆಡ್ಡಿನ ಮೇಲಿನ ಕೋಣೆಯಲ್ಲಿ ಯಾರಾದರೂ ಮಲಗುತ್ತಾರೆಯೇ? ಅವರಿಗೂ ತಲೆನೋವು ಬರುತ್ತಿದೆಯೇ ಎಂದು ಕೇಳಿ. ಗರ್ಭಿಣಿಯರು, ಮಕ್ಕಳು, ಹೃದ್ರೋಗಿಗಳು ಈ ಅನಿಲಕ್ಕೆ ಬೇಗ ಬಲಿಯಾಗುತ್ತಾರೆ.

ಇನ್ನು ನಿಮ್ಮನ್ನು ಅಲ್ಲಿ ನಿಲ್ಲಿಸಿದ ಆ ಸದ್ದು. ರಾತ್ರಿ ಎಂಜಿನ್ ನಿಂತಾಗ ಮೇಲಿನ ಭಾಗಗಳಲ್ಲಿದ್ದ ಆಯಿಲ್ ಬಹುಪಾಲು ಕೆಳಗಿನ ಸಂಪ್‌ಗೆ ಇಳಿದಿರುತ್ತದೆ. ಸೆಖೆಗೆ ತೆಳ್ಳಗಾದ ಆಯಿಲ್ ಇನ್ನಷ್ಟು ಬೇಗ ಇಳಿಯುತ್ತದೆ. ಸ್ಟಾರ್ಟ್ ಮಾಡಿದಾಗ ಪಂಪು ಅದನ್ನು ಮತ್ತೆ ಮೇಲೆತ್ತಿ ಒತ್ತಡ ಕಟ್ಟುವವರೆಗೆ ವಾಲ್ವ್ ಭಾಗಗಳೋ ಟೈಮಿಂಗ್ ಚೈನೋ ಸದ್ದು ಮಾಡಬಹುದು. ಇದು ಕೆಲವೇ ಸೆಕೆಂಡುಗಳ ಕೆಲಸ, ಹತ್ತು ನಿಮಿಷದ್ದಲ್ಲ.

ಬಿಸಿಲಿನಿಂದ ಆಯಿಲ್ ನೀರಾಗಿಬಿಟ್ಟಿದೆ ಎಂಬ ಭಯವೂ ಬೇಡ. 5ಡಬ್ಲ್ಯೂ-30 ಎಂಬ ಗುರುತಿನಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂಬುದನ್ನು ಹೇಳಿದರೆ, 30 ಎಂಬುದು 100 ಡಿಗ್ರಿ ಶಾಖದಲ್ಲಿ ಅಳೆದ ಮಂದತೆಯ ದರ್ಜೆ. ಓಡುವ ಎಂಜಿನ್ನಿನಲ್ಲಿ ಆಯಿಲ್ ಹೆಚ್ಚುಕಡಿಮೆ ಅಷ್ಟು ಕಾದಿರುತ್ತದೆ. ನಿಮ್ಮೂರಿನ 40 ಡಿಗ್ರಿ ಸೆಖೆಯಲ್ಲೂ ಅದು ಆ ಸ್ಥಿತಿಗಿಂತ ಐದಾರು ಪಟ್ಟು ಮಂದವಾಗಿಯೇ ಇರುತ್ತದೆ.

ಆದ್ದರಿಂದ ನಾಳೆಯಿಂದ ಕಾರನ್ನು ಮೊದಲು ಹೊರಗೆ ತಂದು ಒರೆಸಿ. ಎಂಜಿನ್ ಸ್ಟಾರ್ಟ್ ಆದ ಅರ್ಧ ನಿಮಿಷದೊಳಗೆ ಹೊರಡಿ. ಮೊದಲ ಒಂದೆರಡು ಕಿಲೋಮೀಟರ್ ಆಕ್ಸಿಲರೇಟರ್ ಜೋರಾಗಿ ಒತ್ತದೆ ಓಡಿಸಿ. ಸದ್ದು ನಿಲ್ಲದಿದ್ದರೆ ಅಥವಾ ಕೆಂಪು ಆಯಿಲ್ ದೀಪ ಆರದಿದ್ದರೆ ಕೂಡಲೇ ಎಂಜಿನ್ ಆಫ್ ಮಾಡಿ ಮೆಕ್ಯಾನಿಕ್‌ಗೆ ತೋರಿಸಿ. ಸದ್ದು ಅಡಗಲೆಂದು ಕಾರಿನ ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಮಂದವಾದ ಆಯಿಲ್ ಸುರಿಸಬೇಡಿ. ಅದು ಮೇಲೇರಲು ಇನ್ನೂ ತಡಮಾಡುತ್ತದೆ.

ಮತ್ತೆ ತಲೆನೋವು ಬಂದರೆ ಅಂದೇ, ಆದಷ್ಟು ಬೇಗ ಆಸ್ಪತ್ರೆಗೆ ಹೋಗಿ ರಕ್ತದಲ್ಲಿ ಕಾರ್ಬಾಕ್ಸಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಸಾಮಾನ್ಯ ಗಾಳಿಯಲ್ಲಿ ನಾಲ್ಕೈದು ಗಂಟೆಯಲ್ಲಿ ಅದು ಅರ್ಧಕ್ಕೆ ಇಳಿಯುವುದರಿಂದ ಸಂಜೆ ಹೋದರೆ ಪತ್ತೆಯಾಗದಿರಬಹುದು. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಕಾರ್ಬನ್ ಮಾನಾಕ್ಸೈಡ್ ಹೊತ್ತ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ತೋರಿಸುತ್ತದೆ.

ಪ್ರಶ್ನೆ: ಹದಿನೈದು ವರ್ಷದಿಂದ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಆಯಿಲ್ ಬದಲಿಸುವುದೇ ಹೆಚ್ಚು. ಸಂಜೆ ಪೆಟ್ರೋಲ್ ಹಚ್ಚಿ ಕೈ ತೊಳೆಯುತ್ತೇನೆ. ಈಗ ಕೈ ಬಿರಿದು ಉರಿಯುತ್ತಿದೆ, ತೋಳು ಮತ್ತು ತೊಡೆಯ ಮೇಲೆ ಕಪ್ಪು ತಲೆಯ ಗುಳ್ಳೆಗಳೆದ್ದಿವೆ. ಸೆಖೆಯಲ್ಲಿ ಜಾಸ್ತಿ. ಇದು ಅಂಟುರೋಗವೇ?
— ಓದುಗರು, ಹುಬ್ಬಳ್ಳಿ

ಉತ್ತರ: ಅಂಟುರೋಗದಂತೆ ಕಾಣುವುದಿಲ್ಲ. ಆಯಿಲ್ ಮತ್ತು ಬೆವರು ಸೇರಿ ರೋಮಕೂಪಗಳನ್ನು ಮುಚ್ಚಿದಾಗ ಇಂಥ ಗುಳ್ಳೆಗಳು ಏಳುತ್ತವೆ. ಆಯಿಲ್ ನೆನೆದ ಪ್ಯಾಂಟು ದಿನವಿಡೀ ಚರ್ಮಕ್ಕೆ ತಾಗುತ್ತಿದ್ದರೆ ತೊಡೆಯಲ್ಲೂ ಬರುತ್ತವೆ. ಕೈ ಬಿರಿಯಲು ಮುಖ್ಯ ಕಾರಣ ಪೆಟ್ರೋಲ್ ಇರಬೇಕು. ಅದು ಚರ್ಮದ ಸ್ವಂತ ಜಿಡ್ಡನ್ನೂ ತೊಳೆದು ಹಾಕುತ್ತದೆ. ಸಾಲದ್ದಕ್ಕೆ ಪೆಟ್ರೋಲ್‌ನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು.

ಗಂಭೀರವಾಗಿ ತೆಗೆದುಕೊಳ್ಳಬೇಕಾದ ಇನ್ನೊಂದು ಮಾತಿದೆ. ಹೊಸ ಆಯಿಲ್‌ಗಿಂತ ಹಳೇ ಆಯಿಲ್ ಕೆಟ್ಟದ್ದು. ಎಂಜಿನ್ನಿನೊಳಗೆ ಉರಿದ ಇಂಧನದ ಮಸಿಯ ಜೊತೆಗೆ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಅದರಲ್ಲಿ ಸೇರಿರುತ್ತವೆ. 1775ರಲ್ಲೇ ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವವರ ಚರ್ಮಕ್ಕೆ ಹತ್ತಿದ ಮಸಿಗೂ ಅವರ ವೃಷಣಚೀಲದ ಕ್ಯಾನ್ಸರ್‌ಗೂ ಸಂಬಂಧವಿದೆ ಎಂದು ತೋರಿಸಿದ್ದ. ಒಮ್ಮೆ ಕೈಗೆ ತಾಗಿದರೆ ರೋಗ ಬರುತ್ತದೆಂದಲ್ಲ, ವರ್ಷಗಟ್ಟಲೆ ಚರ್ಮದ ಮೇಲೆ ಉಳಿಯಬಾರದು.

ನೈಟ್ರೈಲ್ ಗ್ಲೌಸ್ ಹಾಕಿ, ಹರಿದ ಕೂಡಲೇ ಬದಲಿಸಿ. ಆಯಿಲ್ ಬಟ್ಟೆಯನ್ನು ಜೇಬಿಗೆ ತುರುಕಬೇಡಿ. ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಿರಿ. ಸಂಜೆ ಕೊಬ್ಬರಿ ಎಣ್ಣೆ ಹಚ್ಚಿ ಜಿಡ್ಡು ಸಡಿಲಿಸಿ, ಸೋಪು ಹಾಕಿ ತೊಳೆದು, ಮೇಲೆ ವ್ಯಾಸಲೀನ್ ಸವರಿ. ಕೆಲಸದ ಬಟ್ಟೆಯನ್ನು ದಿನವೂ ಬದಲಿಸಿ, ಮನೆಯವರ ಬಟ್ಟೆಯೊಂದಿಗೆ ಒಗೆಯಬೇಡಿ. ಈಗಿನ ಗುಳ್ಳೆಗಳನ್ನು ಚರ್ಮದ ಡಾಕ್ಟರಿಗೆ ತೋರಿಸಿ. ಎಲ್ಲೇ ಆಗಲಿ, ಮಾಯದ ಹುಣ್ಣು ಅಥವಾ ಬೆಳೆಯುತ್ತಿರುವ ಗಂಟು ಕಂಡರೆ ಸಂಕೋಚಪಡದೆ ಬೇಗ ಹೋಗಿ.

ಪ್ರಶ್ನೆ: ಮೂರು ವರ್ಷದ ಮಗ ಶೆಡ್ಡಿನಲ್ಲಿದ್ದ ಎಂಜಿನ್ ಆಯಿಲ್ ಬಾಯಿಗೆ ಹಾಕಿಕೊಂಡಿದ್ದ. ಒಂದೆರಡು ಸಲ ಭೇದಿಯಾಗಿ ಸರಿಹೋಯಿತು. ಆದರೆ ಪಕ್ಕದೂರಿನಲ್ಲಿ ಒಂದು ಗುಟುಕು ಸೀಮೆಎಣ್ಣೆ ಕುಡಿದ ಮಗು ಐಸಿಯು ಸೇರಿತು. ಎರಡೂ ಎಣ್ಣೆಯೇ ಅಲ್ಲವೇ?
— ಓದುಗರು, ಮಂಡ್ಯ

ಉತ್ತರ: ವ್ಯತ್ಯಾಸ ಇರುವುದು ಎಣ್ಣೆ ಎಷ್ಟು ತೆಳುವಾಗಿದೆ ಎಂಬುದರಲ್ಲಿ. ಎಂಜಿನ್ ಆಯಿಲ್ ಮಂದ. ಅದು ಹೆಚ್ಚಾಗಿ ಹೊಟ್ಟೆಗೆ ಹೋಗುತ್ತದೆ, ಶ್ವಾಸಕೋಶಕ್ಕೆ ಜಾರುವುದು ಕಡಿಮೆ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ತೀರಾ ತೆಳು. ನುಂಗುವಾಗ ಒಂದು ಸಣ್ಣ ಕೆಮ್ಮು ಬಂದರೂ ಶ್ವಾಸನಾಳಕ್ಕೆ ಇಳಿದು, ಶ್ವಾಸಕೋಶದ ತುಂಬ ಹರಡಿ ತೀವ್ರ ಉರಿಯೂತ ಉಂಟುಮಾಡುತ್ತವೆ. ಟ್ಯಾಂಕಿನ ಪೆಟ್ರೋಲನ್ನು ಪೈಪಿನಲ್ಲಿ ಬಾಯಿಂದ ಎಳೆಯುವ ದೊಡ್ಡವರಿಗೂ ಇದೇ ಅಪಾಯ.

ಇಂಥ ಸಂದರ್ಭದಲ್ಲಿ ವಾಂತಿ ಮಾಡಿಸಲೇಬೇಡಿ. ವಾಂತಿಯ ಜೊತೆ ಮೇಲೆ ಬಂದ ಎಣ್ಣೆ ಶ್ವಾಸಕೋಶಕ್ಕೆ ಹೋಗುತ್ತದೆ. ಉಪ್ಪುನೀರು, ಹಾಲು ಕುಡಿಸಬೇಡಿ. ಎಣ್ಣೆ ಬಿದ್ದ ಬಟ್ಟೆ ತೆಗೆದು ಮೈ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ, ಡಬ್ಬಿಯೂ ಜೊತೆಗಿರಲಿ. ಮಗು ಚೆನ್ನಾಗಿದೆ ಎನಿಸಿದರೂ ಕನಿಷ್ಠ ಆರು ಗಂಟೆ ವೈದ್ಯರ ಕಣ್ಣಳತೆಯಲ್ಲಿರಬೇಕು. ಕೆಮ್ಮು, ಏದುಸಿರು, ಮಂಪರು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಇವತ್ತೇ ಮನೆಯಲ್ಲೊಮ್ಮೆ ನೋಡಿ: ನೀರಿನ ಅಥವಾ ತಂಪು ಪಾನೀಯದ ಬಾಟಲಿಗಳಲ್ಲಿ ತುಂಬಿಟ್ಟ ಎಣ್ಣೆಗಳಿದ್ದರೆ ಅವನ್ನು ಅದರದರ ಡಬ್ಬಿಗೆ ಸೇರಿಸಿ, ಮಗುವಿಗೆ ಎಟುಕದ ಕಪಾಟಿನಲ್ಲಿಟ್ಟು ಬೀಗ ಹಾಕಿ.