ತೋಟದ ಮನೆಯ ಇಂಟರ್‌ನೆಟ್ಟಿಗೆ ಪ್ರತ್ಯೇಕ ಕಾವಲು



ಅಂಗಳದಲ್ಲಿ ಒಣಗುವ ಅಡಿಕೆ, ಕಣದಲ್ಲಿರುವ ಕಾಫಿ, ಮೂಟೆ ಕಟ್ಟಿಟ್ಟ ಕಾಳುಮೆಣಸು ಕಳವಾದೀತೆಂಬ ಭಯದಿಂದ ನಮ್ಮಲ್ಲಿ ಅನೇಕರು ಕ್ಯಾಮೆರಾ ಹಾಕಿಸಿಕೊಂಡಿದ್ದಾರೆ. ಒಳ್ಳೆಯದೇ. ಆದರೆ ಆ ಕ್ಯಾಮೆರಾಗಳ ರೆಕಾರ್ಡರು, ರೈಟರು ಚೆಕ್‌ರೋಲ್ ಬರೆದು ಬ್ಯಾಂಕಿನ ಹಣ ಕಳುಹಿಸುವ ಕಂಪ್ಯೂಟರು, ಮಕ್ಕಳ ಮೊಬೈಲು, ಹೋಂಸ್ಟೇಗೆ ಬಂದ ಅತಿಥಿಗಳ ಲ್ಯಾಪ್‌ಟಾಪು ಇವೆಲ್ಲವೂ ಸಾಮಾನ್ಯವಾಗಿ ಇಂಟರ್‌ನೆಟ್ ಕಂಪನಿಯವರು ಗೋಡೆಗೆ ಹೊಡೆದುಹೋದ ಒಂದೇ ಪೆಟ್ಟಿಗೆಗೆ ಸೇರಿರುತ್ತವೆ. ಒಂದೇ ಅಂಗಳದಲ್ಲಿ ನಿಂತವರು ಒಬ್ಬರನ್ನೊಬ್ಬರು ಮುಟ್ಟಬಹುದಾದಂತೆ ಈ ಯಂತ್ರಗಳೂ ಒಂದನ್ನೊಂದು ಮುಟ್ಟಬಲ್ಲವು. ಕಳ್ಳನನ್ನು ಹಿಡಿಯಲೆಂದು ಇಟ್ಟ ಕ್ಯಾಮೆರಾವೇ ಬೇರೊಬ್ಬ ಕಳ್ಳನಿಗೆ ಒಳದಾರಿಯಾಗುವ ಸಂಭವವಿದೆ.

ಇದು ಊಹೆಯ ಮಾತಲ್ಲ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ಪ್ರೋಗ್ರಾಂ ಪ್ರಪಂಚದ ನಾನಾ ಕಡೆ ಕ್ಯಾಮೆರಾ, ರೆಕಾರ್ಡರು, ಮನೆಬಳಕೆಯ ರೂಟರುಗಳಿಗೆ ನುಗ್ಗಿತು. ಅದರ ಉಪಾಯ ಬಹಳ ಸರಳ. ಕಾರ್ಖಾನೆಯಲ್ಲಿ ಹಾಕಿಕೊಟ್ಟ ಹೆಸರು ಮತ್ತು ಪಾಸ್‌ವರ್ಡನ್ನು ಕೊಂಡವರು ಬದಲಾಯಿಸುವುದಿಲ್ಲ. ಅಂಥ ಹತ್ತಾರು ಜೋಡಿಗಳ ಪಟ್ಟಿ ಹಿಡಿದು ಅದು ಒಂದೊಂದೇ ಬಾಗಿಲು ತಟ್ಟುತ್ತಾ ಹೋಯಿತು. ಆ ವರ್ಷದ ಅಕ್ಟೋಬರ್ 21ರಂದು ಹೀಗೆ ವಶವಾದ ಯಂತ್ರಗಳು ಒಟ್ಟಾಗಿ ‘ಡೈನ್’ ಎಂಬ ಅಮೆರಿಕದ ಕಂಪನಿಯ ಮೇಲೆ ಎರಗಿದ್ದರಿಂದ ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದವು ಅನೇಕರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಮಿರಾಯ್ ರಚಿಸಿದ ಮೂವರು ತರುಣರು 2017ರಲ್ಲಿ ಅಲ್ಲಿನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು. ಕ್ಯಾಮೆರಾದ ಚಿತ್ರ ಎಂದಿನಂತೆ ಕಾಣುತ್ತಿದ್ದರೆ ಅದರ ಯಜಮಾನನಿಗೆ ಅನುಮಾನ ಬರುವುದಾದರೂ ಹೇಗೆ?

ಫೈರ್‌ವಾಲ್ ಎಂದರೆ ಒಂದು ಕಡೆಯ ಬೆಂಕಿ ಇನ್ನೊಂದು ಕಡೆಗೆ ಹಬ್ಬದಂತೆ ಕಟ್ಟಿದ ಅಡ್ಡಗೋಡೆ. ಒಳಗಿನವರು ಹೊರಗೆ ಕೇಳಿದ್ದಕ್ಕೆ ಉತ್ತರ ಬಂದರೆ ಅದು ಒಳಗೆ ಬಿಡುತ್ತದೆ. ಯಾರೂ ಕೇಳದೆ ಬಂದದ್ದನ್ನು ಉಣುಗೋಲಿನಾಚೆಯೇ ನಿಲ್ಲಿಸುತ್ತದೆ. ಕಂಪನಿಯ ಪೆಟ್ಟಿಗೆಯಲ್ಲೂ ಇಷ್ಟು ಕಾವಲು ಇರುತ್ತದೆ. ಆದರೆ ಹೆಚ್ಚಿನ ಪೆಟ್ಟಿಗೆಗಳಲ್ಲಿ ಮನೆಯೊಳಗಿನ ಯಂತ್ರಗಳನ್ನು ಗುಂಪು ಮಾಡಿ ಬೇರ್ಪಡಿಸಲು ತಕ್ಕ ಅನುಕೂಲವಿಲ್ಲ, ಅದರ ಬೀಗದ ಕೈಯೂ ಪೂರ್ತಿ ನಮ್ಮದಲ್ಲ. ಪ್ರತ್ಯೇಕ ಫೈರ್‌ವಾಲ್ ರೂಟರು ಬೇಕಾಗುವುದು ಇದಕ್ಕಾಗಿ. ಇದರಿಂದ ಇಂಟರ್‌ನೆಟ್ಟಿನ ವೇಗ ಹೆಚ್ಚುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಯಂತ್ರಕ್ಕೆ ಬಹಳ ಖರ್ಚು ಮಾಡಬೇಕಿಲ್ಲ. ಫ್ಯಾನ್ ಇಲ್ಲದ, ಮೂರು ಅಥವಾ ನಾಲ್ಕು ನೆಟ್‌ವರ್ಕ್ ಕಿಂಡಿಗಳಿರುವ ಚಿಕ್ಕ ಕಂಪ್ಯೂಟರು, 8 ಜಿಬಿ ಮೆಮೊರಿ, ಒಂದು ಚಿಕ್ಕ ಎಸ್‌ಎಸ್‌ಡಿ ಸಾಕು. ಹಳೆಯ ಆಫೀಸ್ ಕಂಪ್ಯೂಟರಿಗೆ ಹೆಚ್ಚಿನ ನೆಟ್‌ವರ್ಕ್ ಕಾರ್ಡು ಹಾಕಿದರೂ ನಡೆದೀತು, ಆದರೆ ಅದು ವಿದ್ಯುತ್ ಹೆಚ್ಚು ತಿನ್ನುತ್ತದೆ. ಇದರೊಳಗೆ ಹಾಕುವ ತಂತ್ರಾಂಶ ‘ಓಪನ್‌ಸೆನ್ಸ್’ ಎಂಬುದು. ‘ಪಿಎಫ್‌ಸೆನ್ಸ್’ ಎಂಬುದರಿಂದ ಕವಲೊಡೆದು 2015ರ ಜನವರಿಯಲ್ಲಿ ಹೊರಬಂದ ಇದು ಉಚಿತ. ವರ್ಷಕ್ಕೆರಡು ದೊಡ್ಡ ಆವೃತ್ತಿಗಳು, ನಡುವೆ ಸಣ್ಣ ತಿದ್ದುಪಡಿಗಳು ಬರುತ್ತವೆ.

ಕಂಪನಿಯ ಪೆಟ್ಟಿಗೆಯಿಂದ ಬರುವ ತಂತಿಯನ್ನು ಹೊಸ ಯಂತ್ರದ ‘ವ್ಯಾನ್’ ಕಿಂಡಿಗೆ ಕೊಡಿ. ಎರಡನೆಯ ಕಿಂಡಿ ಮನೆ ಮತ್ತು ಕಛೇರಿಗೆ. ಮೂರನೆಯದು ಕ್ಯಾಮೆರಾ ರೆಕಾರ್ಡರಿಗೆ ಮಾತ್ರ. ಇಲ್ಲೊಂದು ಎಡವಟ್ಟಿದೆ. ಓಪನ್‌ಸೆನ್ಸ್ ತಾನಾಗಿಯೇ ಒಳಗಿನ ವಿಳಾಸವನ್ನು 192.168.1.1 ಎಂದು ಇಟ್ಟುಕೊಳ್ಳುತ್ತದೆ. ಕಂಪನಿಯ ಅನೇಕ ಪೆಟ್ಟಿಗೆಗಳದ್ದೂ ಅದೇ ವಿಳಾಸ. ಒಂದೇ ಸರ್ವೆ ನಂಬರು ಎರಡು ಜಮೀನಿಗೆ ಬಿದ್ದಂತಾಗಿ ಯಾವುದೂ ನಡೆಯುವುದಿಲ್ಲ. ಆದ್ದರಿಂದ ಮೊದಲೇ ಮನೆಯ ಕಡೆಗೆ 192.168.10.1, ಕ್ಯಾಮೆರಾ ಕಡೆಗೆ 192.168.20.1 ಎಂದು ಬದಲಾಯಿಸಿಕೊಳ್ಳತಕ್ಕದ್ದು.

ಮನೆಯೊಳಗಿನ ವೈಫೈಗೆ ಹಳೆಯ ವೈಫೈ ರೂಟರೊಂದನ್ನು ಬಳಸಬಹುದು. ಅದರ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸವನ್ನು ನಿಲ್ಲಿಸಿ, ತಂತಿಯನ್ನು ಅದರ ‘ಲ್ಯಾನ್’ ಕಿಂಡಿಗೇ ಹಾಕಬೇಕು. ಅತಿಥಿಗಳಿಗೆ ಕಂಪನಿಯ ಪೆಟ್ಟಿಗೆಯ ವೈಫೈಯೇ ಸಾಕು. ಅವರು ಜಗಲಿಯಲ್ಲಿ ಕುಳಿತಂತೆ. ಇಂಟರ್‌ನೆಟ್ ಸಿಗುತ್ತದೆ, ಒಳಮನೆಗೆ ದಾರಿಯಿಲ್ಲ. ಆ ಪೆಟ್ಟಿಗೆಯ ಆಡಳಿತ ಪಾಸ್‌ವರ್ಡನ್ನು ಮಾತ್ರ ಅಂದೇ ಬದಲಾಯಿಸಿ.

ಇನ್ನು ನಿಯಮಗಳ ವಿಷಯ. ಇದನ್ನು ನಿಧಾನವಾಗಿ ಓದಬೇಕಾಗಿ ವಿನಂತಿ. ಮನೆಯ ಕಿಂಡಿಗೆ ‘ಎಲ್ಲಕ್ಕೂ ಅನುಮತಿ’ ಎಂಬ ನಿಯಮ ಮೊದಲಿನಿಂದಲೇ ಇರುತ್ತದೆ. ನೀವು ಹೊಸದಾಗಿ ಸೇರಿಸಿದ ಕ್ಯಾಮೆರಾ ಕಿಂಡಿಗೆ ಯಾವ ಅನುಮತಿಯೂ ಇರುವುದಿಲ್ಲ. ಅನುಮತಿ ಇಲ್ಲವೆಂದರೆ ನಿಷೇಧ ಎಂದೇ ಅರ್ಥ. ಹೀಗಾಗಿ ರೆಕಾರ್ಡರು ಎಲ್ಲಿಗೂ ಹೋಗಲಾರದು. ಯಂತ್ರ ಕೆಟ್ಟಿದೆಯೆಂದು ಗಾಬರಿಯಾಗಬೇಡಿ. ಮನೆಯ ಕಂಪ್ಯೂಟರಿನಿಂದ ರೆಕಾರ್ಡರನ್ನು ತೆರೆದು ನೋಡಲು ಅಡ್ಡಿಯಿಲ್ಲ, ಏಕೆಂದರೆ ಕೇಳಿದವರು ನೀವು, ಅದು ಕೊಡುವುದು ಉತ್ತರ. ರೆಕಾರ್ಡರು ತಾನಾಗಿ ಕಂಪ್ಯೂಟರಿನತ್ತ ಕೈಚಾಚಿದರೆ ಗೋಡೆ ತಡೆಯುತ್ತದೆ. ಅದಕ್ಕೊಂದೇ ಅನುಮತಿ ಕೊಡಿ: ಫೈರ್‌ವಾಲಿನಿಂದ ಗಡಿಯಾರದ ಸಮಯ ಕೇಳಲು, ಅಂದರೆ ಯುಡಿಪಿ 123. ರೆಕಾರ್ಡರಿನಲ್ಲಿ ಸಮಯದ ಸರ್ವರ್ ಎಂದು 192.168.20.1 ಬರೆಯಿರಿ. ಕಳವಿನ ಚಿತ್ರದ ಮೇಲೆ ಗಂಟೆ ತಪ್ಪಿದ್ದರೆ ಠಾಣೆಯಲ್ಲಿ ಎಷ್ಟು ಪ್ರಶ್ನೆಗಳಿಗೆ ಉತ್ತರಿಸಬೇಕಾದೀತು ಎಂಬುದನ್ನು ವಿವರಿಸಬೇಕಾಗಿಲ್ಲ.

ಪೇಟೆಗೆ ಹೋದಾಗ ಮೊಬೈಲಿನಲ್ಲಿ ಅಂಗಳ ನೋಡಬೇಕೆನ್ನುವವರು ಬಹಳ ಮಂದಿ. ರೆಕಾರ್ಡರು ಹಾಕಿದವರು ‘ಪೋರ್ಟ್ ಫಾರ್ವರ್ಡ್’ ಮಾಡಿಕೊಡುತ್ತೇವೆಂದರೆ ಒಪ್ಪಬೇಡಿ. ಅದು ಬೇಲಿಯಲ್ಲಿ ಕಂಡಿ ಬಿಟ್ಟಂತೆ. ಉತ್ತಮ ದಾರಿ ಓಪನ್‌ಸೆನ್ಸ್‌ನೊಳಗೇ ಇರುವ ‘ವೈರ್‌ಗಾರ್ಡ್’ ಎಂಬ ಗುಪ್ತಮಾರ್ಗ. ಆದರೆ ಇದಕ್ಕೆ ಹೊರಗಿನಿಂದ ನಿಮ್ಮ ಮನೆಗೆ ತಲಪುವ ವಿಳಾಸ ಬೇಕು, ಕಂಪನಿಯ ಪೆಟ್ಟಿಗೆಯನ್ನೂ ಅದಕ್ಕೆ ತಕ್ಕಂತೆ ಹೊಂದಿಸಬೇಕು. ಆ ಪೆಟ್ಟಿಗೆ ಹೊರಗಿನಿಂದ ಪಡೆದ ವಿಳಾಸ 100.64ರಿಂದ 100.127ರ ನಡುವಿನ ಅಂಕೆಗಳಿಂದ ಆರಂಭವಾದರೆ, ಕಂಪನಿಯು ಒಂದೇ ಹೊರವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದೆಯೆಂದು ತಿಳಿಯಿರಿ. ಆಗ ಪ್ರತ್ಯೇಕ ಸ್ಥಿರ ವಿಳಾಸ ಕೇಳಿ ಪಡೆಯಬೇಕು, ಇಲ್ಲವೇ ರೆಕಾರ್ಡರು ತಯಾರಿಸಿದವರ ಆ್ಯಪನ್ನೇ ಆಶ್ರಯಿಸಬೇಕು.

ಆ್ಯಪ್ ಬಳಸುವುದಾದರೆ ಕ್ಯಾಮೆರಾ ಕಿಂಡಿಗೆ ಇನ್ನೂ ಮೂರು ನಿಯಮ ಬೇಕು. ಮೊದಲನೆಯದು, ಹೆಸರಿನ ವಿಳಾಸ ಕೇಳಲು ಫೈರ್‌ವಾಲಿಗೆ ಹೋಗಬಹುದು, ಅಂದರೆ ಪೋರ್ಟ್ 53. ಎರಡನೆಯದು, 10, 172.16 ಮತ್ತು 192.168ರ ಖಾಸಗಿ ವಿಳಾಸಗಳ ಸಮೂಹಕ್ಕೆ ಹೋಗಕೂಡದು. ಮೂರನೆಯದು, ಉಳಿದೆಡೆ ಹೋಗಬಹುದು. ಇವೆಲ್ಲ ಸಮಯದ ನಿಯಮದ ಕೆಳಗೆ, ಇದೇ ಕ್ರಮದಲ್ಲಿ ಇರಬೇಕು. ಯಂತ್ರವು ಮೇಲಿನಿಂದ ಕೆಳಗೆ ಓದುತ್ತಾ, ಮೊದಲು ಹೊಂದಿದ ನಿಯಮಕ್ಕೇ ನಿಂತುಬಿಡುತ್ತದೆ. ಕೊನೆಯದು ಮೇಲೆ ಬಂದರೆ ನಿಷೇಧದ ಸಾಲನ್ನು ಅದು ಓದುವುದೇ ಇಲ್ಲ. ಮುಗಿದ ಮೇಲೆ ರೆಕಾರ್ಡರಿನ ತಂತಿ ಕಿತ್ತು ಅದೇ ಕಿಂಡಿಗೆ ಒಂದು ಲ್ಯಾಪ್‌ಟಾಪ್ ಸಿಕ್ಕಿಸಿ 192.168.10.1 ತೆರೆಯಲು ಪ್ರಯತ್ನಿಸಿ. ತೆರೆದರೆ ಕೆಲಸ ಇನ್ನೂ ಆಗಿಲ್ಲ.

ಗೋದಾಮಿನವರೆಗೆ ತಂತಿ ಎಳೆಯುವವರಿಗೆ ಒಂದು ಮಾತು. ತಾಮ್ರದ ನೆಟ್‌ವರ್ಕ್ ತಂತಿಗೆ 100 ಮೀಟರು ಮಿತಿ. ಅದಕ್ಕಿಂತ ಮುಖ್ಯವಾಗಿ, ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನಲ್ಲಿ ಮರಗಳ ನಡುವೆ ಎಳೆದ ತಾಮ್ರವು ಎರಡೂ ತುದಿಯ ಯಂತ್ರಗಳನ್ನು ಸುಟ್ಟುಬಿಡಬಲ್ಲದು. ಲೋಹದ ಎಳೆಯಿಲ್ಲದ ಫೈಬರ್ ತಂತಿ ಹಾಕಿಸಿದರೆ ಈ ಎರಡೂ ತೊಂದರೆ ತಪ್ಪುತ್ತವೆ.

ಬ್ಯಾಂಕಿನವರೆಂದು ಹೇಳಿಕೊಂಡು ಫೋನ್ ಮಾಡಿ ಒಟಿಪಿ ಕೇಳುವವರನ್ನು ಈ ಯಂತ್ರ ತಡೆಯಲಾರದು. ಅಲ್ಲಿ ಬಾಗಿಲು ತೆಗೆಯುವವರು ನಾವೇ. ರೈಟರಿಗೂ ಇದನ್ನು ತಿಳಿಹೇಳಿ. ಎಲ್ಲ ವ್ಯವಸ್ಥೆ ಸರಿಯಾದ ದಿನವೇ ಓಪನ್‌ಸೆನ್ಸ್‌ನ ಹೊಂದಿಕೆಗಳ ಕಡತವನ್ನು ಪೆನ್‌ಡ್ರೈವಿಗೆ ಇಳಿಸಿ, ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ತೋಟದ ಪಹಣಿ ಇಡುವ ಕಪಾಟಿನಲ್ಲೇ ಎರಡನ್ನೂ ಇಡಿ. ಯಂತ್ರ ಸಿಡಿಲಿಗೆ ಹೋದರೆ ಹೊಸದಕ್ಕೆ ಆ ಕಡತ ಏರಿಸಿ, ಕಿಂಡಿಗಳ ಹೆಸರು ಸರಿಹೊಂದಿಸಿದರೆ ಅದೇ ಮಧ್ಯಾಹ್ನ ಕೆಲಸ ಮುಂದುವರಿಯುತ್ತದೆ.