ಹಾಲಿನ ಬದಲು ಐಸ್‌ಕ್ರೀಮ್ ಆಗದೇ?

ಅಮ್ಮಾ, ಮಗ ಹಾಲಿನ ಲೋಟ ಕಂಡರೆ ಮುಖ ತಿರುಗಿಸುತ್ತಾನೆ, ದಿನಕ್ಕೊಂದು ಕಪ್ ಐಸ್‌ಕ್ರೀಮ್ ಕೊಟ್ಟರೆ ಹಾಲು ಕುಡಿದಂತೆಯೇ ಅಲ್ಲವೇ ಎಂದು ಕೇಳಿದ್ದೀರಿ. ಅಲ್ಲ.

100 ಮಿಲಿಲೀಟರ್ ಎಂದು ಬರೆದಿರುವ ಕಪ್ಪನ್ನು ಒಮ್ಮೆ ತೂಗಿ ನೋಡಿ. 55–60 ಗ್ರಾಂ ಇದ್ದೀತು. ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧ ಗಾಳಿ, ಕಡೆಯುವಾಗ ಸೇರಿಸಿದ್ದು. ಅಷ್ಟರಲ್ಲಿ ಸಕ್ಕರೆ ಅಂಶ ಸುಮಾರು 12 ಗ್ರಾಂ, ಕೊಬ್ಬು 6 ಗ್ರಾಂ. ಪ್ರೋಟೀನ್ ಬರೀ 2 ಗ್ರಾಂ, ಕ್ಯಾಲ್ಸಿಯಂ 70 ಮಿಲಿಗ್ರಾಂ. ಒಂದು ಲೋಟ ಹಾಲಿನಲ್ಲಿ ಕ್ಯಾಲ್ಸಿಯಂ ಇದರ ಮೂರು ಪಟ್ಟು ಇರುತ್ತದೆ.

ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನೂ ಓದಿ. ನಮ್ಮ ಆಹಾರ ಸುರಕ್ಷತಾ ನಿಯಮದಂತೆ ಸಾದಾ ಐಸ್‌ಕ್ರೀಮಿನಲ್ಲಿ ಕನಿಷ್ಠ ಶೇ 10 ಹಾಲಿನ ಕೊಬ್ಬು ಇರಬೇಕು. ‘ಫ್ರೋಜನ್ ಡೆಸರ್ಟ್’ ಎಂದಿದ್ದರೆ ಅದು ಸಾಮಾನ್ಯವಾಗಿ ತಾಳೆ ಎಣ್ಣೆಯಂಥ ಸಸ್ಯಜನ್ಯ ಕೊಬ್ಬಿನದು. ಅಂಗಡಿಯ ಫ್ರೀಜರಿನಲ್ಲಿ ಎರಡೂ ಒಟ್ಟಿಗೇ ಇರುತ್ತವೆ, ನೋಡಲು ಒಂದೇ ಥರ.

ಹಾಲಿಗಾಗಿ ಅವನನ್ನು ಗದರಿಸಬೇಡಿ, ಪಾಪ. ಮೊಸರನ್ನ, ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಕೊಡಿ. 100 ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಐಸ್‌ಕ್ರೀಮ್ ಭಾನುವಾರಕ್ಕಿರಲಿ, ಊಟವಾದ ಮೇಲೆ, ಚಿಕ್ಕ ಕಪ್ಪಿನಲ್ಲಿ.